ಕರುವಿನ ಪಾಲು

ಅಲ್ಲಾಹನು ತನ್ನ ಕಾರುಣ್ಯವನ್ನು ನೂರು ಭಾಗಗಳನ್ನಾಗಿ ಮಾಡಿ, ತೊಂಬತ್ತೊಂಬತ್ತು ಭಾಗಗಳನ್ನು ತನ್ನ ಬಳಿಯಲ್ಲಿಯೇ ಉಳಿಸಿಕೊಂಡು, ಕೇವಲ ಒಂದು ಭಾಗವನ್ನು ಭೂಮಿಗೆ ಇಳಿಸಿದನೆಂದು ಪ್ರವಾದಿವರ್ಯರು(ಸ) ಕಲಿಸಿರುವರು. ಲೋಕದ ಸಕಲ ಜೀವಿಗಳು ಪರಸ್ಪರ ತೋರುವ ಮರುಕವೆಲ್ಲ ಆ ಒಂದು ಭಾಗದಿಂದಲೇ ಬಂದುದು. ಅದಕ್ಕೆ ಅವರು ಕೊಟ್ಟ ಉದಾಹರಣೆಯನ್ನು ಗಮನಿಸಿರಿ. ಕುದುರೆಯು ತನ್ನ ಮರಿಗೆ ತಗಲೀತೆಂದು ಗೊರಸನ್ನು ಎತ್ತಿ ಹಿಡಿಯುತ್ತದಲ್ಲ, ಅದೂ ಆ ಭಾಗದಿಂದಲೇ (ಬುಖಾರಿ, ಮುಸ್ಲಿಮ್). ರಾಜರ ಔದಾರ್ಯವನ್ನಾಗಲಿ, ಶ್ರೀಮಂತರ ದಾನವನ್ನಾಗಲಿ ಅವರು ಇಲ್ಲಿ ಹೇಳಲಿಲ್ಲ. ಒಂದು ತಾಯಿ ಪ್ರಾಣಿಯ ಕಾಲನ್ನು ತೋರಿಸಿದರು.

ನಮ್ಮಲ್ಲಿ ಕುದುರೆ ಸಾಕುವವರಿಲ್ಲ. ಆದರೆ ಹಸು ಸಾಕುವ ಮನೆಗಳಲ್ಲಿ ಈ ದೃಶ್ಯವನ್ನು ನೋಡದವರಿಲ್ಲ. ಈದ ಹಸುವಿನ ಕಾಲ ಬುಡದಲ್ಲಿ ಒದ್ದೆ ಮೈಯ ಕರು ತಡವರಿಸುತ್ತಾ ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ. ಮುನ್ನೂರು ಕಿಲೋ ತೂಗುವ ಆ ದೊಡ್ಡ ಜೀವ ತನ್ನ ಕಾಲನ್ನು ಎಲ್ಲಿ ಊರಬೇಕೆಂದು ಹುಡುಕಿ ಹುಡುಕಿ ಊರುತ್ತದೆ. ಆ ಕಾರುಣ್ಯದ ಒಂದು ಪಾಲು ನಮ್ಮ ಹಟ್ಟಿಗೂ ಬಂದಿದೆ. ಅದನ್ನು ನಾವು ಏನು ಮಾಡುತ್ತಿದ್ದೇವೆ ಎಂಬುದೇ ಈ ಲೇಖನದ ವಿಷಯ.

ಇದನ್ನು ಬರೆಯುವಂತೆ ಮಾಡಿದವನು ನನ್ನ ಮದ್ರಸಾದ ಹತ್ತು ವರ್ಷದ ಒಬ್ಬ ವಿದ್ಯಾರ್ಥಿ. ಕಳೆದ ಮಳೆಗಾಲದಲ್ಲಿ ಒಂದು ದಿನ ಸುಬ್‌ಹಿಯ ನಂತರದ ತರಗತಿಯಲ್ಲಿ, ಬೆಕ್ಕನ್ನು ಕಟ್ಟಿಹಾಕಿ ಅನ್ನ ಕೊಡದೆ, ತಾನೇ ಹುಡುಕಿ ತಿನ್ನಲು ಬಿಡದೆಯೂ ಸಾಯಿಸಿದ ಕಾರಣಕ್ಕೆ ನರಕಕ್ಕೆ ಹೋದ ಸ್ತ್ರೀಯ ವೃತ್ತಾಂತವನ್ನು ಹೇಳುತ್ತಿದ್ದೆ. ಮಕ್ಕಳಿಗೆ ಈ ಪಾಠ ಇಷ್ಟ. ಬೆಕ್ಕಿನ ಬಣ್ಣ ಯಾವುದೆಂದು ಪ್ರತಿವರ್ಷವೂ ಯಾರಾದರೊಬ್ಬರು ಕೇಳುತ್ತಾರೆ. ಈ ಹುಡುಗ ಬಣ್ಣ ಕೇಳಲಿಲ್ಲ.

"ಉಸ್ತಾದ್, ಬೆಕ್ಕಿಗೆ ಅಷ್ಟಾದರೆ ಕರುವಿಗೆ?"

"ಯಾವ ಕರುವಿಗೆ?"

"ನಮ್ಮ ದನ ಕರು ಹಾಕಿದೆ. ಗಂಡು ಕರು. ಬಾಪ ಅದಕ್ಕೆ ಹಾಲು ಬಿಡುವುದಿಲ್ಲ. ಕಂಬಕ್ಕೆ ಕಟ್ಟಿದ್ದಾರೆ. ರಾತ್ರಿಯೆಲ್ಲ ಕೂಗುತ್ತದೆ."

ತರಗತಿ ನಗಲಿಲ್ಲ. ಹಳ್ಳಿಯ ಮಕ್ಕಳಿಗೆ ಇದು ಗೊತ್ತಿರುವ ಸಂಗತಿ. ನಾನು "ಪಾಠ ಮುಗಿಯಲಿ, ಆಮೇಲೆ ಹೇಳುತ್ತೇನೆ" ಎಂದು ಮುಂದೆ ಹೋದೆ. ಉತ್ತರ ಗೊತ್ತಿಲ್ಲದೆ ಅಲ್ಲ. ಗೊತ್ತಿದ್ದುದೇ ತೊಂದರೆಯಾಯಿತು.

ದರ್ಸ್‌ನಲ್ಲಿ ಓದಿದವರಿಗೆ ಈ ಮಸ್‌ಅಲ ಹೊಸದಲ್ಲ. ಇಮಾಮ್ ನವವಿ(ರ)ಯವರ ಮಿನ್‌ಹಾಜ್‌ನಲ್ಲಿ ಪತ್ನಿ, ಮಕ್ಕಳು, ತಂದೆತಾಯಿಯರ ಜೀವನಾಂಶವನ್ನು ವಿವರಿಸುವ ಅಧ್ಯಾಯದ ಕೊನೆಯಲ್ಲಿಯೇ ಸಾಕುಪ್ರಾಣಿಯ ಜೀವನಾಂಶವೂ ಬರುತ್ತದೆ. ಮೇವು ಮತ್ತು ನೀರು ಒದಗಿಸುವುದು ಒಡೆಯನ ಮೇಲೆ ಕಡ್ಡಾಯ. ಅವನು ಒಪ್ಪದಿದ್ದರೆ ಅಧಿಕಾರಿಯು ಅವನನ್ನು ಬಲವಂತಪಡಿಸಬಹುದು. ಮರಿಗೆ ಹಾನಿಯಾಗುವಷ್ಟು ಹಾಲನ್ನು ಕರೆಯಲು ಅವನಿಗೆ ಹಕ್ಕಿಲ್ಲ. ಅರಬಿಯಲ್ಲಿ ಇದು ಕೆಲವೇ ಶಬ್ದಗಳ ಮಾತು. ಪೊನ್ನಾನಿಯ ಝೈನುದ್ದೀನ್ ಮಖ್ದೂಮ್(ರ)ರು ಹದಿನಾರನೆಯ ಶತಮಾನದಲ್ಲಿ ರಚಿಸಿದ ಫತ್‌ಹುಲ್ ಮುಈನ್‌ನಲ್ಲಿ ಇದು ಇನ್ನಷ್ಟು ಬಿಡಿಸಿ ಬಂದಿದೆ. ಕೆಚ್ಚಲನ್ನು ಪೂರ್ತಿ ಬರಿದು ಮಾಡದೆ ಸ್ವಲ್ಪ ಉಳಿಸುವುದು, ಕರೆಯುವವನು ತನ್ನ ಉಗುರುಗಳನ್ನು ಕತ್ತರಿಸಿಕೊಳ್ಳುವುದು ಸುನ್ನತ್ ಎಂಬುದು ಅದರ ಸಾರ. ಮಕ್ಕಳ ಜೀವನಾಂಶವನ್ನು ಬರೆದ ಲೇಖನಿಯಿಂದಲೇ ಕರುವಿನ ಜೀವನಾಂಶವನ್ನೂ ಬರೆದ ಆ ಪಂಡಿತರ ದೃಷ್ಟಿಯನ್ನು ನೆನೆದರೆ ಗೌರವ ಹುಟ್ಟುತ್ತದೆ.

ಇದಾವುದೂ ಅವರ ಸ್ವಂತ ಕಲ್ಪನೆಯಲ್ಲ. ಪ್ರವಾದಿ(ಸ)ಯವರು ಒಬ್ಬ ಸಹಾಬಿಗೆ ಒಂಟೆಗಳನ್ನು ಕೊಡಿಸಿ ಕಳುಹಿಸುವಾಗ, ಮನೆಯವರಿಗೆ ಎರಡು ವಿಷಯಗಳನ್ನು ತಿಳಿಸುವಂತೆ ಆದೇಶಿಸಿದರು. ಮರಿಗಳಿಗೆ ಚೆನ್ನಾಗಿ ಉಣಿಸಬೇಕು, ಹಾಲು ಕರೆಯುವಾಗ ಕೆಚ್ಚಲಿಗೆ ಗೀರದಂತೆ ಉಗುರು ಕತ್ತರಿಸಿಕೊಳ್ಳಬೇಕು (ಅಹ್ಮದ್). ಒಂದು ಸಮುದಾಯದ ನಾಯಕರು, ಯುದ್ಧ ಸಂಧಾನಗಳ ಭಾರ ಹೊತ್ತವರು, ಹಾಲು ಕರೆಯುವವನ ಉಗುರಿನವರೆಗೆ ಯೋಚಿಸಿದರು. ಮನೆಯಲ್ಲಿ ಆಡಿನ ಹಾಲನ್ನು ತಾವೇ ಕರೆಯುತ್ತಿದ್ದವರಿಗೆ ಮಾತ್ರ ಅದು ಸಾಧ್ಯ. ನಾವು ಉಗುರು ಕತ್ತರಿಸುವುದನ್ನು ಜುಮಾ ದಿನದ ಸುನ್ನತ್ತೆಂದು ಮಾತ್ರ ತಿಳಿದಿದ್ದೇವೆ.

ನನ್ನ ಸಂಕಟಕ್ಕೆ ಬರುತ್ತೇನೆ. ನಾನು ಹುಟ್ಟಿ ಬೆಳೆದ ಮನೆಯಲ್ಲಿ ಯಾವಾಗಲೂ ಒಂದು ಹಸು ಇರುತ್ತಿತ್ತು. ಮಲೆನಾಡು ಗಿಡ್ಡ ತಳಿಯ ಸಣ್ಣ ಹಸು, ಒಂದೆರಡು ಲೀಟರಿನ ಹಾಲು. ಬಾಪ ಊರಿನಲ್ಲಿರುತ್ತಿದ್ದುದು ಕಡಿಮೆ. ಹಟ್ಟಿಯ ಕೆಲಸವೆಲ್ಲ ಉಮ್ಮ ಮತ್ತು ಅಜ್ಜಿಯದು. ನಾನು ಏಳನೆಯ ತರಗತಿಯಲ್ಲಿದ್ದಾಗ ಹಸು ಈದಿತು. ಆದರೆ ಮಾಸು ಬೀಳಲಿಲ್ಲ. ಮಾಸು ಬೀಳದೆ ಕರುವಿಗೆ ಗಿಣ್ಣು ಹಾಲು ಕೊಡಬಾರದೆಂಬುದು ನಮ್ಮಲ್ಲಿನ ನಂಬಿಕೆ. ಕೊಟ್ಟರೆ ಕರು ಸಾಯುತ್ತದೆಂದು ಅಜ್ಜಿ ದೃಢವಾಗಿ ನಂಬಿದ್ದರು. ಅವರಷ್ಟು ಮೂಕ ಪ್ರಾಣಿಗಳನ್ನು ಪ್ರೀತಿಸಿದವರನ್ನು ನಾನು ಕಂಡಿಲ್ಲ. ಅನ್ನದ ಗಂಜಿಯಲ್ಲಿ ಮೊದಲ ಪಾಲನ್ನು ಹಸುವಿನ ಬಾನಿಗೆ ತೆಗೆದಿಟ್ಟು ಆಮೇಲೆ ತಾನು ಕೂರುತ್ತಿದ್ದವರು. ಪ್ರೀತಿಯಿಂದಲೇ ಅವರು ಆ ಕರುವನ್ನು ರಾತ್ರಿಯೆಲ್ಲ, ಮರುದಿನ ಮಧ್ಯಾಹ್ನದವರೆಗೂ, ತಾಯಿಯಿಂದ ದೂರ ಕಟ್ಟಿದರು. ಬಾಯಿಗೆ ಬೆಲ್ಲದ ನೀರು ಹಾಕಿದರು. ಮಾಸು ಬಿದ್ದ ಮೇಲೆ ಬಿಟ್ಟಾಗ ಕರುವಿಗೆ ಚೀಪಲು ತ್ರಾಣವಿರಲಿಲ್ಲ. ನಾಲ್ಕನೆಯ ದಿನ ಬೇಧಿ ಹಿಡಿದು ಸತ್ತಿತು.

ಈಗ ತಿಳಿದಿದೆ. ಮನುಷ್ಯರಲ್ಲಿ ರೋಗನಿರೋಧಕ ಶಕ್ತಿಯ ಒಂದಂಶ ಗರ್ಭದಲ್ಲಿಯೇ ಮಗುವಿಗೆ ಸಿಗುತ್ತದೆ. ಹಸುವಿನಲ್ಲಿ ಹಾಗಾಗುವುದಿಲ್ಲ. ಕರುವು ಬರಿಗೈಯಲ್ಲಿ ಹುಟ್ಟುತ್ತದೆ. ಅದರ ಪಾಲಿನ ರಕ್ಷಣೆಯನ್ನು ಅಲ್ಲಾಹನು ಗಿಣ್ಣು ಹಾಲಿನಲ್ಲಿ ಇಟ್ಟಿದ್ದಾನೆ. ಅದನ್ನು ಹಾಗೆಯೇ ಹೀರಿಕೊಳ್ಳುವ ಬಾಗಿಲು ಕರುವಿನ ಕರುಳಿನಲ್ಲಿ ತೆರೆದಿರುವುದು ಸುಮಾರು 24 ಗಂಟೆ ಮಾತ್ರ. ಅದೂ ಗಂಟೆ ಕಳೆದಂತೆ ಮುಚ್ಚುತ್ತಾ ಹೋಗುತ್ತದೆ. ಆದ್ದರಿಂದ ಹುಟ್ಟಿದ ಒಂದೆರಡು ಗಂಟೆಯೊಳಗೆ ಮೊದಲ ಗುಟುಕು ಹೋಗಲೇಬೇಕು. ಮೊದಲ ದಿನ ಕರುವಿನ ತೂಕದ ಹತ್ತನೆಯ ಒಂದು ಭಾಗದಷ್ಟಾದರೂ, ಅಂದರೆ 25 ಕಿಲೋ ತೂಗುವ ಮಿಶ್ರತಳಿ ಕರುವಿಗೆ ಎರಡೂವರೆ ಲೀಟರ್, ಕೆಲವು ಸಲ ಹಂಚಿ ಕುಡಿಸಬೇಕು. ಮಾಸು ಬೀಳುವುದನ್ನು ಕಾಯಬಾರದು. ಕರು ಚೀಪಿದರೆ ಹಸುವಿನ ಗರ್ಭಕೋಶ ಸಂಕುಚಿಸಿ ಮಾಸು ಬೀಳಲು ನೆರವಾಗುತ್ತದೆ. ನಮ್ಮ ಅಜ್ಜಿ ತಡೆದದ್ದು ಔಷಧಿಯನ್ನೇ. ಇದನ್ನು ತಿಳಿದಾಗ ಅವರು ಬದುಕಿರಲಿಲ್ಲ. ತಿಳಿಯದೆ ಮಾಡಿದ್ದನ್ನು ಅಲ್ಲಾಹನು ಕ್ಷಮಿಸಲಿ.

ಆ ಹಸು ಮೂರು ದಿನ ಕೂಗಿತು. ಕರು ಇಲ್ಲದೆ ಹಾಲು ಇಳಿಸಲಿಲ್ಲ. ಕೊನೆಗೆ ನೆರೆಯ ಒಬ್ಬ ಹಿರಿಯರು ಬಂದು, ಸತ್ತ ಕರುವಿನ ಚರ್ಮದೊಳಗೆ ಬೈಹುಲ್ಲು ತುಂಬಿ ಹಸುವಿನ ಮುಂದೆ ನಿಲ್ಲಿಸಿದರು. ಅದು ನೆಕ್ಕುತ್ತಾ ಹಾಲು ಇಳಿಸಿತು. ಉಮ್ಮ ಕರೆದರು. ಆದರೆ ಆ ಹಾಲನ್ನು ನಾನು ಕುಡಿಯಲಿಲ್ಲ. ವರ್ಷಗಳ ಬಳಿಕ ದರ್ಸ್‌ನಲ್ಲಿ ಕುಳಿತಿದ್ದಾಗ, ಮರಿ ಸತ್ತರೆ ಯಾವುದಾದರೂ ಉಪಾಯದಿಂದ ಹಾಲು ಕರೆಯಬಹುದೆಂಬ ಮಸ್‌ಅಲ ಬಂತು. ನಮ್ಮ ಉಸ್ತಾದರು ಓದಿ ಮುಂದೆ ಹೋದರು. ನನಗೆ ಮಾತ್ರ ಪುಟದಲ್ಲಿ ಬೈಹುಲ್ಲು ಕಾಣುತ್ತಿತ್ತು. ಕೂಡದೆಂದು ಅವರು ಹೇಳಲಿಲ್ಲ, ಏಕೆಂದರೆ ಕೆಚ್ಚಲಲ್ಲಿ ಹಾಲು ಕಟ್ಟಿ ನಿಂತರೆ ಹಸುವಿಗೆ ನೋವು, ಬಾವು.

ಕುರ್‌ಆನಿನಲ್ಲಿ ಮೂಸಾ(ಅ)ರ ತಾಯಿಯ ವೃತ್ತಾಂತ ನಿಮಗೆ ತಿಳಿದೇ ಇದೆ. ಮಗುವನ್ನು ನದಿಗೆ ಬಿಟ್ಟ ಮರುಮುಂಜಾನೆ ಆಕೆಯ ಹೃದಯವು ಬರಿದಾಯಿತೆಂದು ಅಲ್ಲಾಹನು ತಿಳಿಸುತ್ತಾನೆ (ಅಲ್‌ಕಸಸ್: 10). ಮಗುವು ಬೇರೆ ಯಾರ ಮೊಲೆಯನ್ನೂ ಮುಟ್ಟದಂತೆ ಮಾಡಿ, ತಾಯಿಯ ಮಡಿಲಿಗೇ ಮರಳಿಸಿದನು. ಮನುಷ್ಯ ತಾಯಿಯನ್ನು ಹಸುವಿಗೆ ಹೋಲಿಸುತ್ತಿದ್ದೇನೆಂದು ಯಾರೂ ಬೇಸರಿಸಬಾರದು. ಮರಿಗಳನ್ನು ಕಳೆದುಕೊಂಡು ರೆಕ್ಕೆ ಬಡಿಯುತ್ತಿದ್ದ ಹಕ್ಕಿಯನ್ನು ಕಂಡು, ಇದರ ಮಕ್ಕಳನ್ನು ತೆಗೆದು ಇದನ್ನು ನೋಯಿಸಿದವರು ಯಾರು, ಮರಳಿಸಿರಿ ಎಂಬ ಅರ್ಥದಲ್ಲಿ ಸಹಾಬಿಗಳನ್ನು ಗದರಿದವರು ನಮ್ಮ ಪ್ರವಾದಿ(ಸ)ಯವರೇ (ಅಬೂದಾವೂದ್).

ಅಂದು ಅಸರ್ ನಮಾಝಿನ ನಂತರ ಆ ಹುಡುಗನ ಮನೆಗೆ ಹೋದೆ. ಬೈಯಬೇಕೆಂದು ಹೊರಟಿದ್ದೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಹಟ್ಟಿ ಸಣ್ಣದು, ಆದರೆ ಚೊಕ್ಕಟವಾಗಿತ್ತು. ಮಿಶ್ರತಳಿಯ ಕಪ್ಪು ಬಿಳುಪು ಹಸು. ಎಂಟು ಅಡಿ ದೂರದ ಕಂಬದಲ್ಲಿ ಕರು. ಪಕ್ಕೆಲುಬು ಎಣಿಸಬಹುದಿತ್ತು. ಹುಡುಗನ ತಾಯಿ ಬಾಗಿಲ ಮರೆಯಿಂದಲೇ, ಈದ ರಾತ್ರಿ ತಾನು ಗಿಣ್ಣು ಕುಡಿಸಿದ್ದೇನೆಂದೂ, ಹೊಕ್ಕುಳ ಬಳ್ಳಿಗೆ ಅಯೋಡಿನ್ ಹಚ್ಚಿದ್ದೇನೆಂದೂ ಹೇಳಿದರು. ಆ ಕರು ಹತ್ತು ದಿನ ಬದುಕಿದ್ದಕ್ಕೆ ಬಹುಶಃ ಅದೇ ಕಾರಣ.

ತಂದೆ ತೋಟದ ಕೂಲಿ ಕೆಲಸ ಮುಗಿಸಿ ಬಂದರು. ನನ್ನನ್ನು ಕೂರಿಸಿ ಚಹಾ ತರಿಸಿದರು. ಚಹಾದಲ್ಲಿ ಹಾಲು ಧಾರಾಳವಾಗಿತ್ತು. ಕುಡಿಯುವುದೋ ಬಿಡುವುದೋ ತಿಳಿಯದೆ ಲೋಟ ಹಿಡಿದು ಕೂತೆ.

"ಉಸ್ತಾದ್, ನೀವು ಯಾಕೆ ಬಂದಿದ್ದೀರೆಂದು ಮಗ ಹೇಳಿದ. ದನಕ್ಕೆ ಸಾಲ ಮಾಡಿದ್ದೇನೆ. ದಿನಕ್ಕೆ ಎಂಟು ಲೀಟರ್ ಕೊಡುತ್ತದೆ. ಡೈರಿಗೆ ಹಾಕಿದರೆ ತಿಂಗಳ ಕಂತಿಗೂ ಹಿಂಡಿಗೂ ಸರಿಹೋಗುತ್ತದೆ. ಹೆಣ್ಣು ಕರುವಾಗಿದ್ದರೆ ಬೇರೆ ಮಾತು. ಗಂಡು ಕರುವಿಗೆ ಕುಡಿಸಿ ಕಂತು ಯಾರು ಕಟ್ಟುತ್ತಾರೆ?"

ಸಹೋದರರೇ, ಮಿಂಬರಿನ ಮೇಲೆ ನಿಂತಾಗ ಇಂಥ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಜಗಲಿಯಲ್ಲಿ ಕೂತಾಗ ಕೇಳುತ್ತಾರೆ. ಈ ಮನುಷ್ಯ ಕ್ರೂರಿಯಲ್ಲ. ಸಾಲಗಾರ. ಹಿಂದೆ ಎತ್ತಿನ ಬೇಸಾಯವಿದ್ದಾಗ ಗಂಡು ಕರು ಹುಟ್ಟಿದರೆ ಮನೆಯಲ್ಲಿ ಸಂತೋಷವಿತ್ತು. ಟಿಲ್ಲರ್, ಟ್ರ್ಯಾಕ್ಟರ್ ಬಂದ ಮೇಲೆ ಅದಕ್ಕೆ ಕೆಲಸವಿಲ್ಲ, ಕೆಲಸವಿಲ್ಲದ್ದಕ್ಕೆ ಹಾಲೂ ಇಲ್ಲ. ಕೊಲ್ಲುವುದಿಲ್ಲ, ಸಾಯಲು ಬಿಡುತ್ತಾರೆ. ಇದು ಒಂದು ಮನೆಯ ಕಥೆಯಲ್ಲ, ಒಂದು ಧರ್ಮದವರ ಕಥೆಯೂ ಅಲ್ಲ. ಹಸುವನ್ನು ತಾಯಿಯೆಂದು ಕರೆಯುವ ನೆರೆಯವರ ಹಟ್ಟಿಯಲ್ಲಿಯೂ ಗಂಡು ಕರುವಿನ ಪಾಡು ಬಹಳ ಬೇರೆಯಲ್ಲ. ಆದರೆ ನಾಳೆ ಅಲ್ಲಾಹನ ಮುಂದೆ ನಮ್ಮನ್ನು ವಿಚಾರಿಸುವುದು ನೆರೆಯವರ ಹಟ್ಟಿಯ ಬಗ್ಗೆ ಅಲ್ಲ.

ನಾನು ಅವರಿಗೆ ಮದೀನಾದ ಒಂಟೆಯ ವೃತ್ತಾಂತ ಹೇಳಿದೆ. ಒಬ್ಬ ಅನ್ಸಾರಿ ತರುಣನ ತೋಟಕ್ಕೆ ಪ್ರವಾದಿ(ಸ) ಹೋದಾಗ ಅಲ್ಲಿದ್ದ ಒಂಟೆ ಅವರನ್ನು ಕಂಡು ನರಳಿ ಕಣ್ಣೀರಿಟ್ಟಿತು. ಅವರು ಅದರ ಕಿವಿಯ ಹಿಂಭಾಗವನ್ನು ಸವರಿದರು, ಅದು ಸುಮ್ಮನಾಯಿತು. ಒಡೆಯನನ್ನು ಕರೆಸಿ, ನಿನ್ನ ಕೈಗೆ ಒಪ್ಪಿಸಲ್ಪಟ್ಟ ಈ ಪ್ರಾಣಿಯ ವಿಷಯದಲ್ಲಿ ನಿನಗೆ ಅಲ್ಲಾಹನ ಭಯವಿಲ್ಲವೇ, ನೀನು ಹಸಿವೆಗೆ ಕೆಡಹಿ ದಣಿಸುತ್ತೀಯೆಂದು ಇದು ದೂರು ಕೊಡುತ್ತಿದೆ ಎಂಬರ್ಥದ ಮಾತು ಹೇಳಿದರು (ಅಬೂದಾವೂದ್). ಆ ತರುಣನಿಗೂ ಅವನದೇ ಕಷ್ಟಗಳು ಇದ್ದಿರಬಹುದು. ಪ್ರವಾದಿ(ಸ) ಒಂಟೆಯನ್ನು ಅವನಿಂದ ಕಸಿದುಕೊಂಡರೆಂದು ಹದೀಸಿನಲ್ಲಿಲ್ಲ. ದೂರನ್ನು ತಲುಪಿಸಿದರು.

ಅವರು ತಲೆ ತಗ್ಗಿಸಿ ಕೇಳಿದರು. "ಹಾಗಾದರೆ ಹಾಲು ಹರಾಮೇ?" ಎಂದರು. ಹಾಲು ಹಾಲೇ, ಹರಾಮ್ ಆಗುವುದು ಕರುವನ್ನು ಉಪವಾಸ ಕೆಡಹುವ ಕೈಯ ಕೆಲಸ ಎಂದೆ. ಆಮೇಲೆ ನಾವಿಬ್ಬರೂ ಕೂತು ಲೆಕ್ಕ ಹಾಕಿದೆವು. ಲೆಕ್ಕ ಹಾಕುವುದೂ ಒಂದು ಇಬಾದತ್ತೆಂದು ನನಗೆ ಆ ದಿನ ಅನಿಸಿತು. ಮೊದಲ ತಿಂಗಳುಗಳಲ್ಲಿ ಕರುವಿಗೆ ದಿನಕ್ಕೆ ಅದರ ತೂಕದ ಹತ್ತನೆಯ ಒಂದಂಶದಷ್ಟು ಹಾಲು ಬೇಕು. ನಮ್ಮ ಹಿರಿಯರು ತಕ್ಕಡಿಯಿಲ್ಲದೆ ಇದಕ್ಕೆ ಒಂದು ಉಪಾಯ ಮಾಡಿದ್ದರು. ನಾಲ್ಕು ಮೊಲೆಗಳಲ್ಲಿ ಒಂದನ್ನು ಕರುವಿಗೆ ಬಿಡುವುದು, ಉಳಿದ ಮೂರರಲ್ಲಿ ಕೊನೆಯ ಸ್ವಲ್ಪವನ್ನು ಕರೆಯದೆ ಉಳಿಸುವುದು. ಎಂಟು ಲೀಟರಿನಲ್ಲಿ ಎರಡು, ಎರಡೂವರೆ ಹೋಗುತ್ತದೆ. ಎರಡು ವಾರ ದಾಟಿದ ಮೇಲೆ ಎಳೆಹುಲ್ಲು, ಸ್ವಲ್ಪ ಹಿಂಡಿ ಮೂಸಲು ಕೊಟ್ಟರೆ ಮೂರು ತಿಂಗಳಲ್ಲಿ ಹಾಲನ್ನು ಕಡಿಮೆ ಮಾಡಬಹುದು. ಕೊನೆಯ ಹಾಲನ್ನು ಉಳಿಸುವುದು ಕೂಡ ಕಿತಾಬಿನಲ್ಲಿರುವ ಸುನ್ನತ್ತೇ. ಕಂತಿನ ಕೊರತೆಗೆ ಏನು ಮಾಡುವುದೆಂಬುದು ಮಾತ್ರ ನಮ್ಮ ಲೆಕ್ಕದಲ್ಲಿ ಸಿಗಲಿಲ್ಲ. ಅದನ್ನು ನಾನು ಜಮಾಅತಿನ ಇಬ್ಬರು ಸಹೃದಯರ ಕಿವಿಗೆ ಹಾಕಿದೆ. ಮೂರು ತಿಂಗಳ ಹಿಂಡಿಯ ಖರ್ಚನ್ನು ಅವರು ವಹಿಸಿಕೊಂಡರು. ಬಾಯಾರಿದ ನಾಯಿಗೆ ಬಾವಿಗಿಳಿದು ಬೂಟಿನಲ್ಲಿ ನೀರು ತಂದವನಿಗೆ ಅಲ್ಲಾಹನು ಪಾಪಗಳನ್ನು ಕ್ಷಮಿಸಿದ ಹದೀಸನ್ನು ನಾವು ರಮಝಾನಿನಲ್ಲಿ ಹೇಳುತ್ತೇವೆ. ಹಿಂಡಿಗೆ ಹಣ ಕೊಡುವವರು ಕಡಿಮೆ.

ಇನ್ನು ಕೆಲವು ವಿಷಯಗಳನ್ನು ಹಸು ಸಾಕುವ ಸಹೋದರಿಯರಿಗಾಗಿ ಹೇಳುತ್ತೇನೆ, ಏಕೆಂದರೆ ನಮ್ಮ ಮನೆಗಳಲ್ಲಿ ಹಟ್ಟಿಯ ಅಮಾನತ್ತು ನಿಮ್ಮ ಕೈಯಲ್ಲಿದೆ. ಕರು ಬಿದ್ದೊಡನೆ ಮೂಗು ಬಾಯಿಯ ಲೋಳೆ ತೆಗೆದು, ತಾಯಿಗೆ ನೆಕ್ಕಲು ಬಿಡಿರಿ. ಮಳೆಗಾಲವಾದರೆ ಒಣ ಬೈಹುಲ್ಲಿನಿಂದ ತಿಕ್ಕಿ ಗೋಣಿ ಹಾಸಿರಿ. ಮಾಸು ಸಾಮಾನ್ಯವಾಗಿ 8ರಿಂದ 12 ಗಂಟೆಯೊಳಗೆ ಬೀಳುತ್ತದೆ. ಬೀಳದಿದ್ದರೆ ಕೈಹಾಕಿ ಎಳೆಯಬೇಡಿರಿ, ವೈದ್ಯರನ್ನು ಕರೆಸಿರಿ. ಹೆಚ್ಚು ಹಾಲಿನ ಹಸು ಈದ ಎರಡು ಮೂರು ದಿನಗಳೊಳಗೆ ಕಿವಿ ತಣ್ಣಗಾಗಿ, ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿ ಮಲಗಿಬಿಟ್ಟರೆ ಅದು ಕಣ್ಣುಬಿದ್ದದ್ದಲ್ಲ. ಸುಣ್ಣದಂಶ ಕುಸಿದು ಬರುವ ಹಾಲುಜ್ವರ. ಆಗ ನೂಲು ಮಂತ್ರಿಸಲು ಓಡುವುದರಲ್ಲಿ ಗಂಟೆ ಕಳೆದರೆ ಹಸು ಉಳಿಯುವುದಿಲ್ಲ. ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟರೆ ಹಲವು ಸಲ ಅಲ್ಲಿಯೇ ಎದ್ದು ನಿಲ್ಲುತ್ತದೆ. ದುಆ ಮಾಡಿರಿ, ಜೊತೆಗೆ 1962ಕ್ಕೆ ಫೋನ್ ಮಾಡಿರಿ. ಅಲ್ಲಾಹನು ಔಷಧವಿಲ್ಲದ ರೋಗವನ್ನು ಇಳಿಸಿಲ್ಲವೆಂದು ಕಲಿಸಿದ ಪ್ರವಾದಿ(ಸ)ಯವರ ಸಮುದಾಯ ನಾವು. ಕರೆಯುವ ಹಸುವಿಗೆ ದಿನಕ್ಕೆ ನಲ್ವತ್ತು ಐವತ್ತು ಲೀಟರ್ ನೀರು ಬೇಕು. ಒಂದು ಲೀಟರ್ ಹಾಲಾಗಲು ಕೆಚ್ಚಲಿನ ಮೂಲಕ ನಾನೂರು ಐನೂರು ಲೀಟರ್ ರಕ್ತ ಹರಿಯಬೇಕಂತೆ. ಸಗಣಿ ಮತ್ತು ರಕ್ತದ ನಡುವಿನಿಂದ ಶುದ್ಧವಾದ ಹಾಲನ್ನು ಕುಡಿಸುವ ಬಗ್ಗೆ ಅಲ್ಲಾಹನು ಹೇಳಿದ್ದು (ಅನ್ನಹ್ಲ್: 66) ನಾವು ವಿಜ್ಞಾನದ ವಾದದಲ್ಲಿ ಗೆಲ್ಲಲೆಂದು ಅಲ್ಲ, ಲೋಟ ಎತ್ತುವಾಗ ಒಂದು ಕ್ಷಣ ನಿಲ್ಲಲೆಂದು.

ಗಂಡು ಮಕ್ಕಳು ಹಟ್ಟಿಗೆ ಹೋಗದಿರಲು ನಮಾಝನ್ನು ನೆಪ ಮಾಡುವುದುಂಟು. ಬಟ್ಟೆಗೆ ಸಗಣಿ, ಗಂಜಲ ತಗಲಿದರೆ ನಜಸ್ಸೆಂಬುದು ನಿಜ. ಅದಕ್ಕೊಂದು ಹಳೆಯ ಲುಂಗಿ ಇಟ್ಟುಕೊಂಡರೆ ಮುಗಿಯಿತು. ಕರು ನೆಕ್ಕಿದರೆ ಏನೂ ಆಗುವುದಿಲ್ಲ, ಅದರ ಜೊಲ್ಲು ಶುದ್ಧವೇ. ಸಂತೆಯಲ್ಲಿ ಹಸು ಮಾರುವ ಸಹೋದರರಿಗೆ ಒಂದು ಮಾತು. ಎರಡು ಹೊತ್ತು ಕರೆಯದೆ ಕೆಚ್ಚಲು ಉಬ್ಬಿಸಿ ತೋರಿಸುವುದು ಜಾಣತನವಲ್ಲ. ಅದನ್ನು ಪ್ರವಾದಿ(ಸ) ನಿಷೇಧಿಸಿ, ಕೊಂಡವನಿಗೆ ಹಿಂತಿರುಗಿಸುವ ಹಕ್ಕನ್ನು ಕೊಟ್ಟಿರುವರು (ಬುಖಾರಿ, ಮುಸ್ಲಿಮ್). ಹಾಲಿಳಿಸಲು ದಿನವೂ ಚುಚ್ಚುಮದ್ದು ಕೊಡುವವರಿಗೆ ನಾನು ಹೇಳುವುದಕ್ಕಿಂತ ಮೊದಲೇ ದೇಶದ 1960ರ ಕಾನೂನು ಹೇಳಿದೆ. ಪ್ರಾಣಿಯ ಆರೋಗ್ಯ ಕೆಡಿಸುವ ಅಂಥ ಚುಚ್ಚುಮದ್ದು ಶಿಕ್ಷಾರ್ಹ.

ಗಿಣ್ಣಿನ ವಿಷಯ ಮರೆತೆ. ಏಲಕ್ಕಿ, ಬೆಲ್ಲ ಹಾಕಿ ಬೇಯಿಸಿ ನೆರೆಮನೆಗಳಿಗೆ ಹಂಚುವ ಪದ್ಧತಿ ಒಳ್ಳೆಯದು, ಬಿಡಬೇಡಿರಿ. ಕರು ಕುಡಿದು ಮಿಕ್ಕಿದ್ದರಲ್ಲಿ ಹಂಚಿರಿ.

ಆ ಮನೆಯ ಕರುವಿನ ಬಗ್ಗೆ ಹೇಳಬೇಕು. ತಂದೆ ಒಂದು ವಾರ ಒಂದು ಮೊಲೆ ಬಿಟ್ಟರು. ಎರಡನೆಯ ವಾರ ಹಣದ ಅಡಚಣೆ ಬಂದು ಮತ್ತೆ ನಾಲ್ಕನ್ನೂ ಕರೆದರೆಂದು ಹುಡುಗ ಬಂದು ಹೇಳಿದ. ನಾನು ಮತ್ತೆ ಹೋದೆ. ಈ ಸಲ ಹದೀಸ್ ಹೇಳಲಿಲ್ಲ, ಚಹಾ ಮಾತ್ರ ಕುಡಿದು ಬಂದೆ. ಮರುದಿನದಿಂದ ಮತ್ತೆ ಬಿಟ್ಟರು. ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ಹುಡುಗ ಒಂದು ಬೆಳಿಗ್ಗೆ ಅರ್ಧ ಗಂಟೆ ತಡವಾಗಿ, ಮೊಣಕಾಲಿನವರೆಗೆ ಕೆಸರು ಮಾಡಿಕೊಂಡು ಮದ್ರಸಾಕ್ಕೆ ಬಂದ. ರಾತ್ರಿ ಕರು ಕಣ್ಣಿ ಬಿಚ್ಚಿಕೊಂಡು ನಾಲ್ಕು ಮೊಲೆಗಳನ್ನೂ ಕುಡಿದು ಮುಗಿಸಿತ್ತಂತೆ. ಡೈರಿಗೆ ಒಯ್ಯಲು ಒಂದು ತೊಟ್ಟು ಹಾಲಿರಲಿಲ್ಲ. ಬಾಪ ಕೋಲು ಹಿಡಿದು ಅಟ್ಟಿಸಿಕೊಂಡು ಹೋದರೆ ತೋಟವಿಡೀ ಓಡಿಸಿತಂತೆ, ಹಿಡಿಯಲು ಇವನೂ ಓಡಬೇಕಾಯಿತಂತೆ.

"ಬಾಪ ಹೊಡೆದರೇ?" ಎಂದು ಕೇಳಿದೆ.

"ಇಲ್ಲ ಉಸ್ತಾದ್. ಓಡಿ ಓಡಿ ಕೊನೆಗೆ ನಗು ಬಂತು ಅವರಿಗೆ."

ತಡವಾಗಿ ಬಂದವರನ್ನು ನಮ್ಮಲ್ಲಿ ಬಾಗಿಲ ಬಳಿ ನಿಲ್ಲಿಸುವ ಕ್ರಮವಿದೆ. ಕಾಲು ತೊಳೆದುಕೊಂಡು ಬಂದು ಕೂರಲು ಹೇಳಿದೆ.